ದೊಡ್ಡ ಸ್ವಾಮಿಗಳು ಮತ್ತು ಸಿಡುಬಿನ ಲಸಿಕೆ

ಟಿ.ಬಿ. ಡ್ಯಾಂ, ಹೊಸಪೇಟೆ, ಕಂಪ್ಲಿ, ಸಂಡೂರುಗಳ ನಮ್ಮ ಮನೆಗಳಲ್ಲಿ ಅರವತ್ತು ದಾಟಿದ ಹಿರಿಯರ ತೋಳನ್ನು ನೋಡಿದರೆ ದುಂಡನೆಯ ಹಳೆಯ ಕಲೆಯೊಂದು ಕಾಣಸಿಗುತ್ತದೆ. ಅದು ಬಾಲ್ಯದಲ್ಲಿ ಹಾಕಿಸಿಕೊಂಡ ಸಿಡುಬಿನ ಲಸಿಕೆಯ ಗುರುತು. ಅಣೆಕಟ್ಟಿನ ಕೆಲಸಕ್ಕೆಂದು ನಾನಾ ಊರುಗಳಿಂದ ಬಂದು ಇಲ್ಲಿ ನೆಲೆಸಿದವರ ತಲೆಮಾರು ಜಾತಿ, ಮತ, ಭಾಷೆಗಳ ಭೇದವಿಲ್ಲದೆ ಆ ಗುರುತನ್ನು ಹೊತ್ತಿದೆ. ಮೊಮ್ಮಕ್ಕಳ ತೋಳಿನಲ್ಲಿರುವುದು ಕ್ಷಯದ ಲಸಿಕೆಯ ಸಣ್ಣ ಕಲೆ ಮಾತ್ರ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡುಬಂದದ್ದು 1975ರಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಇಡೀ ಜಗತ್ತು ಆ ರೋಗದಿಂದ ಮುಕ್ತವಾಯಿತೆಂದು ಸಾರಿತು.

ಈ ಲಸಿಕೆ ನಮ್ಮ ನಾಡಿಗೆ ಕಾಲಿರಿಸಿದ ಮೊದಲ ದಿನಗಳಲ್ಲಿ ಅದನ್ನು ಮೈಸೂರು ಸೀಮೆಯ ಜನರಿಗೆ ತಲಪಿಸಿದವರಲ್ಲಿ ಪ್ರಮುಖರೊಬ್ಬರು ಕಥೋಲಿಕ ಗುರುಗಳೆಂಬುದು ಅನೇಕರಿಗೆ ತಿಳಿದಿರಲಾರದು. ಅವರೇ ಅಬ್ಬೆ ದ್ಯುಬುವಾ. ಆಕರಕೋಶಗಳ, ಅಂದರೆ ಸ್ಟೆಮ್ ಸೆಲ್‌ಗಳ ಸಂಶೋಧನೆಯ ವಿಷಯ ಬಂದಾಗಲೆಲ್ಲ ಧರ್ಮಸಭೆಯನ್ನು ವಿಜ್ಞಾನದ ವೈರಿಯೆಂದು ಬಗೆಯುವವರೂ, ವಿಜ್ಞಾನವನ್ನೇ ಶಂಕಿಸುವ ವಿಶ್ವಾಸಿಗಳೂ ನಮ್ಮ ನಡುವೆ ಇದ್ದಾರೆ. ಇಬ್ಬರೂ ಈ ಗುರುಗಳ ಬಾಳನ್ನು ಒಮ್ಮೆ ಅವಲೋಕಿಸುವುದು ಒಳಿತು.

ಜಾನ್ ಆಂತ್ವಾನ್ ದ್ಯುಬುವಾ 1765ರ ಸುಮಾರಿಗೆ ಫ್ರಾನ್ಸ್ ದೇಶದ ದಕ್ಷಿಣ ಭಾಗದ ಸೇಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ ಜನಿಸಿದರು. ಅಬ್ಬೆ ಎಂಬುದು ಫ್ರೆಂಚ್ ಭಾಷೆಯಲ್ಲಿ ಗುರುಗಳಿಗೆ ಸಲ್ಲುವ ಗೌರವದ ಸಂಬೋಧನೆ. ಮಹಾಕ್ರಾಂತಿಯ ಜ್ವಾಲೆ ಆ ದೇಶವನ್ನು ಆವರಿಸಿದ್ದ 1792ರಲ್ಲಿ ಅವರು ಗುರುದೀಕ್ಷೆ ಪಡೆದರು. ಅದೇ ವರ್ಷ ಪ್ಯಾರಿಸ್ಸಿನ ವಿದೇಶಿ ಧರ್ಮಪ್ರಚಾರ ಸಂಸ್ಥೆಯ ಸದಸ್ಯರಾಗಿ ಭಾರತಕ್ಕೆ ಹಡಗು ಹತ್ತಿದರು. ಪಾಂಡಿಚೇರಿಯ ಮಿಷನ್ನಿಗೆ ಸೇರಿ ದಕ್ಷಿಣದ ಹಳ್ಳಿಗಳಲ್ಲಿ ಸೇವೆ ಆರಂಭಿಸಿದರು. ಸ್ಥಳೀಯ ಭಾಷೆಗಳನ್ನು ಕಲಿತರು. ಈ ನೆಲದ ಉಡುಪು ತೊಟ್ಟು, ಮುಂಡಾಸು ಸುತ್ತಿ, ಇಲ್ಲಿನವರಂತೆಯೇ ಉಂಡು ಬದುಕಿದರು. ಜನರ ಬಾಯಲ್ಲಿ ಅವರು ದೊಡ್ಡ ಸ್ವಾಮಿಗಳಾದರು.

1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ವಶವಾಯಿತು. ಯುದ್ಧಗಳ ನಡುವೆ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಪ್ರಸಿದ್ಧನಾದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅವರನ್ನು ಆಹ್ವಾನಿಸಿದನು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಕರೆಯಲ್ಪಡುವ ದೇವಾಲಯ ಇಂದಿಗೂ ಇದೆ. ದಿಕ್ಕೆಟ್ಟ ಕುಟುಂಬಗಳಿಗೆ ಕೇವಲ ಉಪದೇಶ ಸಾಲದೆಂದು ಅರಿತ ಅವರು ಬೇಸಾಯದ ನೆಲೆಗಳನ್ನು ಸ್ಥಾಪಿಸಿ ಬಡವರನ್ನು ನೆಲಕ್ಕೆ ಅಂಟಿಸಿದರು.

ಆಗ ಸಿಡುಬು ಊರಿಗೆ ಊರನ್ನೇ ಬರಿದು ಮಾಡುತ್ತಿದ್ದ ಕಾಲ. ಬದುಕಿ ಉಳಿದವರಲ್ಲಿ ಎಷ್ಟೋ ಮಂದಿ ಕಣ್ಣು ಕಳೆದುಕೊಳ್ಳುತ್ತಿದ್ದರು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಹಸುವಿನ ಕೆಚ್ಚಲಿನ ಹುಣ್ಣಿನಿಂದ ಬರುವ ಸೌಮ್ಯ ರೋಗವು ಸಿಡುಬನ್ನು ತಡೆಯಬಲ್ಲದೆಂದು 1796ರಲ್ಲಿ ತೋರಿಸಿಕೊಟ್ಟನು. ಆ ಲಸಿಕೆ ಭಾರತದಲ್ಲಿ ಮೊದಲು ಫಲಿಸಿದ್ದು 1802ರ ಜೂನ್ 14ರಂದು, ಬೊಂಬಾಯಿಯ ಮೂರು ವರ್ಷದ ಹೆಣ್ಣುಮಗು ಆನ್ನಾ ಡಸ್ಟ್‌ಹಾಲಳ ತೋಳಿನಲ್ಲಿ. ಅಂದು ಶೀತಪೆಟ್ಟಿಗೆಯಿಲ್ಲ, ಸೀಸೆಯಲ್ಲಿ ಕಾಪಿಡುವ ಉಪಾಯವೂ ಸಾಲದು. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕುವುದೊಂದೇ ದಾರಿ. ಹೀಗೆ ತೋಳಿನಿಂದ ತೋಳಿಗೆ ಸಾಗುತ್ತ ಲಸಿಕೆ ಪುಣೆ, ಮದರಾಸು ಮೊದಲಾದೆಡೆ ಹಬ್ಬಿತು.

ಜನ ಹಿಂಜರಿದುದರಲ್ಲಿ ಆಶ್ಚರ್ಯವಿಲ್ಲ. ಸಿಡುಬನ್ನು ದೇವಿಯ ಆಗಮನವೆಂದು ನಂಬಿದವರಿಗೆ ಅದನ್ನು ತಡೆಯುವುದೇ ಅಪಚಾರವಾಗಿ ತೋರಿತು. ಗೋವಿನ ಹುಣ್ಣಿನ ರಸವೆಂಬುದು ಕೆಲವರಿಗೆ ಅಸಹ್ಯ. ಯಾವ ಜಾತಿಯ, ಯಾವ ಮನೆಯ ಮಗುವಿನ ದೇಹದ ರಸ ತಮ್ಮ ಮಗುವಿನ ರಕ್ತಕ್ಕೆ ಸೇರುತ್ತದೆಯೋ ಎಂಬ ಅಳುಕು ಅನೇಕರಿಗೆ. ಇದು ನಮ್ಮ ನಾಡಿನ ಮೌಢ್ಯವೆಂದು ಹಳಿಯುವುದು ತರವಲ್ಲ. ಲಸಿಕೆಗೂ ಮುನ್ನ, ಸಿಡುಬಿನ ಕೀವನ್ನೇ ಚುಚ್ಚುವ ಪದ್ಧತಿ ಲಂಡನ್ನಿಗೆ ಬಂದಾಗ, 1722ರಲ್ಲಿ ಎಡ್ಮಂಡ್ ಮ್ಯಾಸ್ಸಿ ಎಂಬ ಆಂಗ್ಲಿಕನ್ ಬೋಧಕ ದೇವಾಲಯದ ಪೀಠದಿಂದಲೇ ಅದನ್ನು ಪಾಪಕಾರ್ಯವೆಂದು ಖಂಡಿಸಿದ್ದನು.

ಇಂಥ ಸನ್ನಿವೇಶದಲ್ಲಿ ಅಬ್ಬೆ ದ್ಯುಬುವಾ ಲಸಿಕೆಯ ಕಾರ್ಯವನ್ನು ಕೈಗೆತ್ತಿಕೊಂಡರು. 1803 ಮತ್ತು 1804ರ ನಡುವೆ ಅವರ ಮೇಲ್ವಿಚಾರಣೆಯಲ್ಲಿ ಲಸಿಕೆ ಪಡೆದು ಹೆಸರು ದಾಖಲಾದವರ ಸಂಖ್ಯೆ 25,432. ರಸ್ತೆಗಳೂ ವಾಹನಗಳೂ ಇಲ್ಲದ ಆ ದಿನಗಳಲ್ಲಿ ಇದು ಅಲ್ಪ ಸಾಧನೆಯಲ್ಲ. ಅದೇ ಕಾಲದಲ್ಲಿ ಮೈಸೂರಿನ ಅರಮನೆಯೂ ಲಸಿಕೆಗೆ ಬೆಂಬಲವಾಗಿ ನಿಂತಿತು. ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬಿಡಿಸಿದ ಮೈಸೂರು ರಾಣಿಯರ ಚಿತ್ರದಲ್ಲಿ ಒಬ್ಬಾಕೆ ಲಸಿಕೆ ಹಾಕಿದ ತೋಳನ್ನು ಸೂಚಿಸುತ್ತಿರುವಂತೆ ಕಾಣುತ್ತದೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಇದೇ ಹಿಕಿ ಮುಂದೆ ಅಬ್ಬೆ ದ್ಯುಬುವಾರ ಚಿತ್ರವನ್ನೂ ಬಿಡಿಸಿದನು.

ದೊಡ್ಡ ಸ್ವಾಮಿಗಳು ದೋಷವಿಲ್ಲದ ವ್ಯಕ್ತಿಯಾಗಿರಲಿಲ್ಲ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಶಿಫಾರಸು ಮಾಡಿದನು. 1807ರಲ್ಲಿ ಮದರಾಸು ಸರ್ಕಾರ ಅದನ್ನು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಆ ಗ್ರಂಥ ಅವರಿಗೆ ದೊಡ್ಡ ಕೀರ್ತಿ ತಂದಿತು. ಆದರೆ ಅದರ ಬಹುಭಾಗಕ್ಕೆ ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೇರ್ದೂ ಅವರ ಬರಹವೇ ಆಧಾರವೆಂದು 1987ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ತಾವು ಬಾಳಿ ಬದುಕಿದ ಜನರ ನಂಬಿಕೆಗಳ ಬಗ್ಗೆ ಅದರಲ್ಲಿ ಕಟುವಾದ ತೀರ್ಪುಗಳೂ ಇವೆ. ಮೂರು ದಶಕಗಳ ಸೇವೆಯ ಬಳಿಕ, ಮತಪ್ರಚಾರ ಇಲ್ಲಿ ಫಲಿಸದೆಂಬ ನಿರಾಶೆಯನ್ನು ಅವರು ತಮ್ಮ ಪತ್ರಗಳಲ್ಲಿ ತೋಡಿಕೊಂಡರು. 1823ರಲ್ಲಿ ಕಂಪನಿಯ ಪಿಂಚಣಿಯೊಡನೆ ಫ್ರಾನ್ಸಿಗೆ ಮರಳಿ, ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಗುರುಮಠದ ಶ್ರೇಷ್ಠರಾಗಿ ಸೇವೆ ಸಲ್ಲಿಸಿ, 1848ರ ಫೆಬ್ರವರಿ 17ರಂದು ದೈವಾಧೀನರಾದರು. ಆತ್ಮಗಳ ಲೆಕ್ಕದಲ್ಲಿ ಸೋತೆನೆಂದು ಭಾವಿಸಿದ ಈ ಗುರುಗಳು ಉಳಿಸಿದ ಜೀವಗಳು ಎಷ್ಟೆಂದು ಹೇಳಬಲ್ಲವರಾರು?

ಈಗ ನಮ್ಮ ಕಾಲಕ್ಕೆ ಬರೋಣ. ಯಾರ ದೇಹದಿಂದ ತೆಗೆದದ್ದು ನನ್ನ ಮಗುವಿನ ದೇಹಕ್ಕೆ ಸೇರುತ್ತಿದೆ ಎಂದು ಅಂದಿನ ತಾಯಂದಿರು ಕೇಳಿದ ಪ್ರಶ್ನೆಯನ್ನು ಜಾತಿಯ ಅಂಜಿಕೆಯಿಂದ ಬಿಡಿಸಿ ನೋಡಿದರೆ, ಅದರೊಳಗೆ ನ್ಯಾಯದ ಬೀಜವೊಂದಿದೆ. ರಸ ಕೊಟ್ಟ ಆ ಮಗುವಿಗೆ ಏನಾಯಿತು? ಸಾಮಾನ್ಯವಾಗಿ ಒಂದು ಕಲೆಯ ಹೊರತು ಬೇರೆ ನಷ್ಟವಿಲ್ಲ. ಅದಕ್ಕೂ ಸಿಡುಬಿನಿಂದ ರಕ್ಷಣೆ ದೊರೆಯಿತು. ಆದರೂ ಈ ಪದ್ಧತಿ ನಿಷ್ಕಳಂಕವಲ್ಲ. 1803ರಲ್ಲಿ ಸ್ಪೇನಿನ ಕಥೋಲಿಕ ದೊರೆ ಅಮೆರಿಕ ಖಂಡಕ್ಕೆ ಲಸಿಕೆ ಕಳುಹಿಸಿದಾಗ, ಹಡಗಿನಲ್ಲಿ ಅದನ್ನು ತಮ್ಮ ತೋಳುಗಳಲ್ಲಿ ಹೊತ್ತು ಸಾಗಿದವರು 22 ಮಂದಿ ಅನಾಥ ಬಾಲಕರು. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಕೇಳುವವರಿಲ್ಲದ ದೇಹವೇ ಲೋಕೋಪಕಾರಕ್ಕೂ ಸುಲಭವಾಗಿ ಬಳಕೆಯಾಗುವುದೆಂಬುದಕ್ಕೆ ಇದು ಸಾಕ್ಷಿ. ತೋಳಿನಿಂದ ತೋಳಿಗೆ ಬೇರೆ ರೋಗಗಳೂ ಹರಡತೊಡಗಿದಾಗ, ವಿಜ್ಞಾನ ಬೇರೆ ದಾರಿ ಹುಡುಕಿತು. ಕರುಗಳ ಚರ್ಮದಲ್ಲಿ ಲಸಿಕೆ ಬೆಳೆಸುವ ವಿಧಾನ ಬಂದಿತು. ನಮ್ಮ ಬೆಳಗಾವಿಯ ಲಸಿಕಾ ಸಂಸ್ಥೆ ಸಿಡುಬಿನ ಲಸಿಕೆಯನ್ನು ತಯಾರಿಸಿದ ಕೇಂದ್ರಗಳಲ್ಲಿ ಒಂದು.

ಆಕರಕೋಶವೆಂದರೆ ರಕ್ತ, ನರ, ಸ್ನಾಯು ಮೊದಲಾದ ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ವಯಸ್ಕರ ಮೂಳೆಮಜ್ಜೆಯಲ್ಲಿಯೂ, ಹೆರಿಗೆಯ ಬಳಿಕ ಹೊಕ್ಕುಳಬಳ್ಳಿಯ ರಕ್ತದಲ್ಲಿಯೂ ಇಂಥ ಕೋಶಗಳು ದೊರೆಯುತ್ತವೆ. 1998ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಥಾಮ್ಸನ್, ಗರ್ಭಧಾರಣೆಯಾದ ಕೆಲವೇ ದಿನಗಳ ಮಾನವ ಭ್ರೂಣದಿಂದ ಅವನ್ನು ಬೇರ್ಪಡಿಸಿದನು. ಹಾಗೆ ಬೇರ್ಪಡಿಸುವಾಗ ಆ ಭ್ರೂಣ ನಾಶವಾಗುತ್ತದೆ. ವಿವಾದವಿರುವುದು ಇಲ್ಲಿಯೇ. ಅದು ದೂರದ ದೇಶದ ಸಂಗತಿಯೂ ಅಲ್ಲ. 2001ರಲ್ಲಿ ಅಮೆರಿಕ ಸರ್ಕಾರ ತನ್ನ ಧನಸಹಾಯಕ್ಕೆ ಅರ್ಹವೆಂದು ಪಟ್ಟಿ ಮಾಡಿದ ಭ್ರೂಣಕೋಶ ತಳಿಗಳಲ್ಲಿ ಮೂರು ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವು.

ವಿಜ್ಞಾನಿಗಳ ವಾದವನ್ನು ನಾವು ಗೌರವದಿಂದ ಕೇಳಬೇಕು. ಕೃತಕ ಗರ್ಭಧಾರಣೆಯ ಆಸ್ಪತ್ರೆಗಳಲ್ಲಿ ಮಿಕ್ಕುಳಿದ ಭ್ರೂಣಗಳು ಹೇಗೂ ಎಸೆಯಲ್ಪಡುವಂಥವು, ಅವುಗಳಲ್ಲಿ ನರಗಳಾಗಲಿ ನೋವಾಗಲಿ ಇಲ್ಲ, ಬೆನ್ನುಹುರಿ ಮುರಿದು ಮಲಗಿದ ಯುವಕನ ಮುಂದೆ ಈ ಆಸೆಯನ್ನು ಬಚ್ಚಿಡುವುದು ಕ್ರೌರ್ಯವಲ್ಲವೇ ಎಂಬುದು ಅವರ ಪ್ರಶ್ನೆ. ಅಂಥ ಮಗನನ್ನು ಮನೆಯಲ್ಲಿಟ್ಟುಕೊಂಡ ತಾಯಿಗೆ ಇದು ಕೇವಲ ಚರ್ಚೆಯಲ್ಲ. ಧರ್ಮಸಭೆ 1987ರಲ್ಲಿಯೂ, ಮತ್ತೆ 2008ರಲ್ಲಿಯೂ ತನ್ನ ಬೋಧನಾಪತ್ರಗಳ ಮೂಲಕ ನೀಡಿದ ಉತ್ತರ ಇಷ್ಟೇ: ಮಾನವ ಜೀವವನ್ನು ಅದರ ಆರಂಭದ ಕ್ಷಣದಿಂದಲೇ ವ್ಯಕ್ತಿಯಂತೆ ಗೌರವಿಸಬೇಕು, ಒಬ್ಬರನ್ನು ಗುಣಪಡಿಸಲು ಮತ್ತೊಂದು ಜೀವವನ್ನು ಕಚ್ಚಾ ಸಾಮಗ್ರಿಯಾಗಿಸಬಾರದು. ವಯಸ್ಕರಿಂದಲೂ ಹೊಕ್ಕುಳಬಳ್ಳಿಯಿಂದಲೂ ಹಾನಿಯಿಲ್ಲದೆ ಪಡೆಯುವ ಆಕರಕೋಶಗಳ ಸಂಶೋಧನೆಯನ್ನು ಅದು ವಿರೋಧಿಸಿಲ್ಲ, ಪ್ರೋತ್ಸಾಹಿಸಿದೆ.

ಇಲ್ಲಿಯೂ ಬೇರೊಂದು ದಾರಿ ತೆರೆಯಿತು. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮದ ಕೋಶಗಳನ್ನೇ ಆಕರಕೋಶಗಳಂತೆ ಮಾರ್ಪಡಿಸಿ ತೋರಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಸಂದಿತು. ಇದರಿಂದ ವಿವಾದ ಮುಗಿಯಲಿಲ್ಲ. ಭ್ರೂಣದ ಕೋಶಗಳ ಸಂಶೋಧನೆ ಇಂದಿಗೂ ನಡೆದಿದೆ. ಆದರೆ ಯಾರ ದೇಹದಿಂದ ಎಂಬ ಪ್ರಶ್ನೆ ವಿಜ್ಞಾನದ ದಾರಿಗೆ ಅಡ್ಡಗೋಡೆಯಲ್ಲವೆಂಬುದಂತೂ ಸ್ಪಷ್ಟವಾಯಿತು.

ನಮ್ಮ ಕುಟುಂಬಗಳಿಗೆ ಈ ವಿಚಾರ ಆಸ್ಪತ್ರೆಯ ಬಾಗಿಲಲ್ಲಿಯೇ ಎದುರಾಗುತ್ತದೆ. ರಕ್ತದ ಕ್ಯಾನ್ಸರ್ ಮುಂತಾದ ಕಾಯಿಲೆಗಳಿಗೆ ಮೂಳೆಮಜ್ಜೆಯ ಕಸಿ ಸ್ಥಾಪಿತವಾದ ಚಿಕಿತ್ಸೆ. ದಾನಿ ದೊರೆತರೆ ಹಿಂಜರಿಯಬೇಕಾಗಿಲ್ಲ, ದಾನಿಯಾಗುವುದು ಪುಣ್ಯಕಾರ್ಯ. ಆದರೆ ಆಕರಕೋಶದ ಚುಚ್ಚುಮದ್ದಿನಿಂದ ಎಲ್ಲವೂ ವಾಸಿಯಾಗುವುದೆಂದು ಹೇಳಿ ಹೊಲ ಮನೆ ಮಾರಿಸುವವರ ಬಗ್ಗೆ ಎಚ್ಚರವಿರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿ ರಕ್ತೋತ್ಪಾದಕ ಕೋಶಗಳ ಅಂಗೀಕೃತ ಕಸಿಯ ಹೊರತಾಗಿ ಉಳಿದ ಬಳಕೆಗಳನ್ನು ಪ್ರಯೋಗದ ಹಂತದವೆಂದೇ ಪರಿಗಣಿಸಿದೆ. ಕೋಶಗಳು ಎಲ್ಲಿಂದ ಬಂದವು, ಚಿಕಿತ್ಸೆ ಅಂಗೀಕೃತವೇ, ಇವೆರಡನ್ನೂ ವೈದ್ಯರಲ್ಲಿ ಕೇಳುವುದು ಅವಿಶ್ವಾಸವಲ್ಲ, ಕರ್ತವ್ಯ.

ಮಕ್ಕಳು ಅಜ್ಜಿಯ ತೋಳಿನ ಕಲೆಯನ್ನು ಮುಟ್ಟಿ ಇದೇನೆಂದು ಕೇಳಿದಾಗ, ದೊಡ್ಡ ಸ್ವಾಮಿಗಳ ಕಥೆಯನ್ನು ಅವರಿಗೆ ಹೇಳೋಣ. ಲಸಿಕೆಯನ್ನು ತನ್ನ ತೋಳಿನಲ್ಲಿ ಹೊತ್ತು ಮತ್ತೊಂದು ಮಗುವಿಗೆ ದಾಟಿಸಿದ, ಇತಿಹಾಸದಲ್ಲಿ ಹೆಸರಿಲ್ಲದ ಮಗುವನ್ನೂ ಆ ಕಥೆಯಲ್ಲಿ ಮರೆಯದಿರೋಣ.