ಮಗನ ಪರ ನಿಂತ ಅಮ್ಮ
ಮಗು ಅಳುತ್ತಾ ಶಾಲೆಯಿಂದ ಬಂದರೆ, ನೀನೇನು ತಂಟೆ ಮಾಡಿದೆ ಅಂತ ಗದರುವವರೇ ನಮ್ಮಲ್ಲಿ ಹೆಚ್ಚು. ನ್ಯಾನ್ಸಿ ಎಡಿಸನ್ ಹಾಗೆ ಮಾಡಲಿಲ್ಲ.

ಥಾಮಸ್ ಆಲ್ವಾ ಎಡಿಸನ್ ಹುಟ್ಟಿದ್ದು 1847ರಲ್ಲಿ, ಅಮೆರಿಕದಲ್ಲಿ. ಏಳು ಮಕ್ಕಳಲ್ಲಿ ಕೊನೆಯವನು. 1854ರಲ್ಲಿ ಕುಟುಂಬ ಪೋರ್ಟ್ ಹ್ಯುರಾನ್‌ಗೆ ಬಂತು. ಅಲ್ಲಿನ ಶಾಲೆಯಲ್ಲಿ, ಇವನ ತಲೆ ನೆಟ್ಟಗಿಲ್ಲ ಅಂತ ಮೇಷ್ಟ್ರು ಹೇಳಿದ್ದು ಹುಡುಗನ ಕಿವಿಗೇ ಬಿತ್ತು. ಮನೆಗೆ ಬಂದು ಅಮ್ಮನಿಗೆ ಹೇಳಿದ. ಆಕೆ ಮಗನನ್ನು ಕರಕೊಂಡು ನೇರ ಶಾಲೆಗೆ ಹೋಗಿ ಮೇಷ್ಟ್ರನ್ನು ತರಾಟೆಗೆ ತೆಗೆದುಕೊಂಡಳಂತೆ. ಇದು ಎಡಿಸನ್ನರೇ ಮುಂದೆ ಹೇಳಿಕೊಂಡ ನೆನಪು. ಕೆಲವೇ ತಿಂಗಳ ಶಾಲೆ ಅಲ್ಲಿಗೆ ಮುಗಿಯಿತು. ಹಿಂದೆ ಟೀಚರ್ ಆಗಿದ್ದ ನ್ಯಾನ್ಸಿ ಮನೆಯಲ್ಲೇ ಪಾಠ ಹೇಳಿಕೊಟ್ಟಳು.

ಮೇಷ್ಟ್ರ ಪತ್ರವನ್ನು ಬಚ್ಚಿಟ್ಟು ಮಗನಿಗೆ ಸುಳ್ಳು ಓದಿ ಹೇಳಿದಳೆಂದು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದಲ್ಲ, ಅದು ಕಟ್ಟುಕಥೆ. ಆಕೆ ಮುಚ್ಚಿಡಲಿಲ್ಲ, ಮಗನೆದುರೇ ಅವನ ಪರ ಮಾತಾಡಿದಳು.

1871ರಲ್ಲಿ ಆಕೆ ತೀರಿಕೊಂಡಳು. 1877ರ ಫೋನೋಗ್ರಾಫ್, 1879ರ ಬಲ್ಬ್ ಯಾವುದನ್ನೂ ನೋಡಲಿಲ್ಲ. 1931ರಲ್ಲಿ ಕಣ್ಮುಚ್ಚಿದ ಎಡಿಸನ್ನರ ಹೆಸರಲ್ಲಿ ಅಮೆರಿಕದ 1,093 ಪೇಟೆಂಟ್‌ಗಳಿವೆ.

ಮನೆಪಾಠ ಎಲ್ಲರಿಗೂ ಆಗೋ ಮಾತಲ್ಲ. ಆದರೆ ಮಗು ಹೇಳುವುದನ್ನು ಪೂರ್ತಿ ಕೇಳಿ, ಮರುದಿನವೇ ಶಾಲೆಗೆ ಹೋಗಿ ಮಾತಾಡಿ. ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡುವುದನ್ನು ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯೂ ನಿಷೇಧಿಸಿದೆ.