ನಾಣ್ಯದಿಂದ ಲಿಪಿಗೆ: ಜೇಮ್ಸ್ ಪ್ರಿನ್ಸೆಪನ ಬಾಳು

ಕನ್ನಡವೂ ಸೇರಿದಂತೆ ಭಾರತದ ಬಹುಪಾಲು ಲಿಪಿಗಳಿಗೆ ತಾಯಿಯಾದ ಬ್ರಾಹ್ಮಿಯನ್ನು ಓದುವ ಬಲ್ಮೆ ಶತಮಾನಗಳ ಕಾಲ ಈ ನೆಲದಿಂದ ಮರೆಯಾಗಿತ್ತು. ಅದನ್ನು 1837ರಲ್ಲಿ ಮರಳಿ ದೊರಕಿಸಿಕೊಟ್ಟವನು ಜೇಮ್ಸ್ ಪ್ರಿನ್ಸೆಪ್. ಲಿಪಿವಿಕಾಸದ ಪಾಠ ಹೇಳುವಾಗ ನಾನು ಈ ಹೆಸರನ್ನೆತ್ತಿದರೆ, ಆತನು ಯಾರೋ ಸಂಸ್ಕೃತ ಪಂಡಿತನಾಗಿದ್ದಿರಬೇಕೆಂದು ವಿದ್ಯಾರ್ಥಿಗಳು ಊಹಿಸುತ್ತಾರೆ. ಆದರೆ ಆತನ ವೃತ್ತಿ ಟಂಕಸಾಲೆಯಲ್ಲಿ ಬೆಳ್ಳಿಯನ್ನು ಕರಗಿಸಿ, ತೂಗಿ, ಅದರೊಳಗಿನ ಬೆರಕೆ ಎಷ್ಟೆಂದು ಹೇಳುವುದು. ಲೋಹವನ್ನು ಪರೀಕ್ಷಿಸಿದ ಬುದ್ಧಿಯೇ ಲಿಪಿಯನ್ನೂ ಬಿಡಿಸಿತೆಂಬುದು ನನ್ನ ನಂಬಿಕೆ.

ಪ್ರಿನ್ಸೆಪನು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1799ರ ಆಗಸ್ಟ್ 20ರಂದು. ತಂದೆ ಜಾನ್ ಪ್ರಿನ್ಸೆಪ್ ಭಾರತದಲ್ಲಿ ನೀಲಿಯ ಬೇಸಾಯದಿಂದ ಹಣವಂತನಾಗಿ ಹಿಂದಿರುಗಿದವನು. ಹುಡುಗನು ವಾಸ್ತುಶಿಲ್ಪವನ್ನು ಕಲಿಯತೊಡಗಿದನು. ಆದರೆ ನೇತ್ರರೋಗವೊಂದು ತಗುಲಿ ಆ ದಾರಿ ಮುಚ್ಚಿತು. ಆಗ ತಂದೆಯು ಮಗನಿಗೆ ರಸಾಯನಶಾಸ್ತ್ರವನ್ನು ಕಲಿಸಿ, ಲಂಡನ್ನಿನ ರಾಜಟಂಕಸಾಲೆಯ ಲೋಹಪರೀಕ್ಷಕನ ಬಳಿ ಅಭ್ಯಾಸಕ್ಕಿಟ್ಟನು. 1819ರ ಸೆಪ್ಟೆಂಬರಿನಲ್ಲಿ ಇಪ್ಪತ್ತರ ತರುಣ ಕಲ್ಕತ್ತೆಗೆ ಬಂದಿಳಿದನು. ಕಣ್ಣಿನ ದೋಷದಿಂದ ಒಂದು ವಿದ್ಯೆಯನ್ನು ತೊರೆದವನು ಮುಂದೆ ಸವೆದ ನಾಣ್ಯಗಳ ಮೇಲಿನ ಕೂದಲೆಳೆಯಂತಹ ಗೆರೆಗಳನ್ನು ಗುರುತಿಸಿ ಹೆಸರಾದುದು ಈ ಬಾಳಿನ ವಿಚಿತ್ರ.

ಕಲ್ಕತ್ತೆಯಲ್ಲಿ ಆತನ ಮೇಲಧಿಕಾರಿ ಸಂಸ್ಕೃತಜ್ಞನಾದ ಹೊರೇಸ್ ಹೇಮನ್ ವಿಲ್ಸನ್. ವರ್ಷ ತುಂಬುವುದರೊಳಗೆ ಪ್ರಿನ್ಸೆಪನು ಕಾಶಿಯ ಟಂಕಸಾಲೆಗೆ ಹೋದನು. 1830ರಲ್ಲಿ ಅದು ಮುಚ್ಚುವವರೆಗೂ ಅಲ್ಲಿದ್ದನು. ನಗರದ ನೆಲದಡಿಯಲ್ಲಿ ಕೊಳಚೆನೀರಿಗೆ ಕಾಲುವೆ ತೋಡಿಸಿದುದು, ಕರ್ಮನಾಶಾ ನದಿಗೆ ಸೇತುವೆ ಕಟ್ಟಿಸಿದುದು, ಕಾಶಿಯ ಘಟ್ಟಗಳನ್ನು ಚಿತ್ರಿಸಿದುದು ಈ ಕಾಲದಲ್ಲಿಯೇ.

ಅಂದಿನ ಲೋಹಪರೀಕ್ಷಕನ ಹೊಣೆ ಎಂತಹುದೆಂಬುದಕ್ಕೆ ಬಂಗಾಳದ ಸಿಕ್ಕಾ ರೂಪಾಯಿಯೊಂದೇ ಸಾಕು. ಹಳೆಯ ವರ್ಷದ ರೂಪಾಯಿಗೆ ಶರಾಫರು ವಟ್ಟ ಹಿಡಿಯುತ್ತಿದ್ದರು. ಅದನ್ನು ತಡೆಯಲೆಂದು ಕಂಪೆನಿಯು ಶಾಹ ಆಲಂ ದೊರೆಯ ಆಳ್ವಿಕೆಯ 19ನೆಯ ವರ್ಷವನ್ನೇ ಎಲ್ಲ ನಾಣ್ಯಗಳ ಮೇಲೂ ಅಚ್ಚೊತ್ತುತ್ತ ಬಂದಿತು. ಅಚ್ಚಾದುದು ಕಲ್ಕತ್ತೆಯಲ್ಲಿಯಾದರೂ ನಾಣ್ಯದ ಮೇಲೆ ಮುರ್ಷಿದಾಬಾದಿನ ಹೆಸರೇ ಇರುತ್ತಿತ್ತು. ಹೀಗೆ ದೊರೆಯ ಹೆಸರು, ಊರು, ವರ್ಷ ಮೂರೂ ಒಂದೇ. ಒಳಗಿನ ಲೋಹ ಮಾತ್ರ ಬೇರೆ. 1793ರ ರೂಪಾಯಿ ಸುಮಾರು 179.66 ಗ್ರೇನ್ ತೂಗುತ್ತಿತ್ತು. ಅದರಲ್ಲಿ ನೂರಕ್ಕೆ 98ರಷ್ಟು ಚೊಕ್ಕ ಬೆಳ್ಳಿ. 1818ರಲ್ಲಿ ಬೆಳ್ಳಿಯ ಪ್ರಮಾಣವನ್ನು ಹಾಗೆಯೇ ಉಳಿಸಿಕೊಂಡು, ಹನ್ನೆರಡರಲ್ಲಿ ಒಂದು ಪಾಲು ಬೆರಕೆ ಸೇರಿಸಿದರು, ತೂಕ 191.9 ಗ್ರೇನಿಗೆ ಏರಿತು. ಇವೆರಡನ್ನೂ ಬರಿಗಣ್ಣಿನಿಂದ ಬೇರ್ಪಡಿಸಬೇಕಾದರೆ ನಾಣ್ಯದ ಮುಖವನ್ನು ನೋಡಿ ಫಲವಿಲ್ಲ, ಅಂಚನ್ನು ನೋಡಬೇಕು. ಹಳೆಯದರ ಅಂಚಿನಲ್ಲಿ ಓರೆಗೆರೆಗಳು. 1818ರ ಮಾದರಿಯಲ್ಲಿ ನೆಟ್ಟನೆಯ ಗೆರೆಗಳು. 1830ರ ದಶಕದ ಆರಂಭದವುಗಳಲ್ಲಿ ಗೆರೆಯೇ ಇಲ್ಲದ ನುಣುಪು ಅಂಚು. ಇಷ್ಟನ್ನು ತಿಳಿಯದ ರೈತನು ಶರಾಫನ ಮಾತನ್ನೇ ನಂಬಬೇಕಾಗುತ್ತಿತ್ತು. ಇದಲ್ಲದೆ ಫರೂಖಾಬಾದು, ಮದರಾಸು ಮುಂತಾದವುಗಳ ರೂಪಾಯಿಗಳು ಬೇರೆಬೇರೆ ಇದ್ದವು.

ಪ್ರಿನ್ಸೆಪನು ಈ ಗೊಂದಲವನ್ನೆಲ್ಲ ಕೋಷ್ಟಕಗಳಲ್ಲಿಳಿಸಿ 1834ರಲ್ಲಿ ಪ್ರಕಟಿಸಿದನು. ಒಂದು ಗ್ರೇನಿನ ಮೂರು ಸಾವಿರದಲ್ಲೊಂದು ಪಾಲನ್ನು ತೋರಬಲ್ಲ ತಕ್ಕಡಿಯನ್ನು ರಚಿಸಿದನು. ಕುಲುಮೆಯ ಕಾವನ್ನಳೆಯಲು ಬೆಳ್ಳಿ, ಚಿನ್ನ, ಪ್ಲಾಟಿನಂಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ ಬಿಲ್ಲೆಗಳನ್ನು ಮಾಡಿ, ಯಾವುದು ಕರಗಿತು, ಯಾವುದು ಉಳಿಯಿತು ಎಂಬುದರಿಂದ ಉಷ್ಣತೆಯನ್ನು ನಿರ್ಣಯಿಸಿದನು. ಈ ಶೋಧ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1828ರಲ್ಲಿ ಬೆಳಕು ಕಂಡಿತು. ಕಂಪೆನಿಯ ಆಡಳಿತಕ್ಕೆಲ್ಲ ಒಂದೇ ರೂಪಾಯಿ ಬೇಕೆಂದು ವಾದಿಸಿದವರಲ್ಲಿ ಈತನು ಪ್ರಮುಖನು. 1835ರಲ್ಲಿ 180 ಗ್ರೇನ್ ತೂಕದ, 165 ಗ್ರೇನ್ ಚೊಕ್ಕ ಬೆಳ್ಳಿಯ ರೂಪಾಯಿ ಬಂದಿತು. ನಮ್ಮ ಹಿರಿಯರು ತೊಲವೆಂದೂ ರೂಪಾಯಿ ತೂಕವೆಂದೂ ಹೇಳುತ್ತಿದ್ದುದು ಇದೇ 180 ಗ್ರೇನನ್ನು.

1832ರಲ್ಲಿ ವಿಲ್ಸನ್ ನಿವೃತ್ತನಾಗಲು, ಪ್ರಿನ್ಸೆಪನು ಕಲ್ಕತ್ತೆಯ ಮುಖ್ಯ ಲೋಹಪರೀಕ್ಷಕನೂ ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿಯೂ ಆದನು. ಸೊಸೈಟಿಯ ಮಾಸಪತ್ರಿಕೆಯ ಸಂಪಾದಕನಾದ ಆತನ ಬಳಿಗೆ ಪಂಜಾಬು, ಅಫ್ಘಾನಿಸ್ತಾನಗಳಿಂದ ಪ್ರಾಚೀನ ನಾಣ್ಯಗಳು ಬರತೊಡಗಿದವು. ಟಂಕಸಾಲೆಯ ಅಭ್ಯಾಸ ಇಲ್ಲಿ ಕೈಹಿಡಿಯಿತು. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಆಕೃತಿ, ಬರಹಗಳನ್ನು ಹೋಲಿಸುತ್ತ ಹೋದನು. ಕುಶಾನರ ಚಿನ್ನದ ನಾಣ್ಯಗಳಲ್ಲಿ ಫಲಭರಿತವಾದ ಕೊಂಬನ್ನು ಹಿಡಿದು ಪೀಠದ ಮೇಲೆ ಕುಳಿತ ದೇವಿಯೇ ಗುಪ್ತರ ನಾಣ್ಯಗಳಲ್ಲಿ ಕ್ರಮವಾಗಿ ಪೀಠವನ್ನು ಬಿಟ್ಟು ಕಮಲವನ್ನೇರಿ ಲಕ್ಷ್ಮಿಯಾದಳೆಂಬ ಪರಂಪರೆ ಈ ಹೋಲಿಕೆಯಿಂದ ಹೊಳೆದುದು. ಯವನ ದೊರೆಗಳ ನಾಣ್ಯಗಳಲ್ಲಿ ಒಂದು ಮುಖಕ್ಕೆ ಗ್ರೀಕ್, ಇನ್ನೊಂದಕ್ಕೆ ಖರೋಷ್ಠಿ. ಮಿನಾಂಡರ್, ಅಪೊಲೊಡೋಟಸ್ ಮೊದಲಾದ ಹೆಸರುಗಳು ಎರಡು ಕಡೆಯೂ ಇರಬಹುದೆಂದು ಚಾರ್ಲ್ಸ್ ಮ್ಯಾಸನ್ ಸೂಚಿಸಿದನು. ಆ ಎಳೆಯನ್ನು ಹಿಡಿದು ಪ್ರಿನ್ಸೆಪನು ಖರೋಷ್ಠಿಯ ಅಕ್ಷರಗಳನ್ನು ಬಿಡಿಸಿದನು.

ಬ್ರಾಹ್ಮಿಯ ಸರದಿ ಬಂದುದು 1837ರಲ್ಲಿ. ಕ್ಯಾಪ್ಟನ್ ಎಡ್ವರ್ಡ್ ಸ್ಮಿತ್ ಸಾಂಚಿಯ ಕಟಕಟೆಗಳ ಮೇಲಿನ ಸಣ್ಣ ಸಣ್ಣ ಬರಹಗಳನ್ನು ಪ್ರತಿಮಾಡಿ ಕಳುಹಿಸಿದನು. ಅವುಗಳಲ್ಲಿ ಬಹಳಷ್ಟು ಒಂದೇ ಎರಡು ಅಕ್ಷರಗಳಿಂದ ಮುಗಿಯುವುದನ್ನು ಪ್ರಿನ್ಸೆಪನು ಗಮನಿಸಿದನು. ಇವು ಭಕ್ತರ ಕಾಣಿಕೆಗಳ ದಾಖಲೆಯಾಗಿದ್ದರೆ ಕೊನೆಯ ಪದ ದಾನಂ ಆಗಿರಬೇಕು. ಅದರ ಹಿಂದಿನ ಅಕ್ಷರವೋ, ಸ್ವಲ್ಪ ಮೊದಲಷ್ಟೇ ಸೌರಾಷ್ಟ್ರದ ಬೆಳ್ಳಿನಾಣ್ಯಗಳಲ್ಲಿ ಆತನು ಗುರುತಿಸಿದ್ದ ಷಷ್ಠೀವಿಭಕ್ತಿಯ ಸಕಾರ. ಇಂಥವನ ದಾನ ಎಂಬ ಅರ್ಥ ಕೂಡಿತು. ಉಳಿದ ಅಕ್ಷರಗಳು ಒಂದೊಂದಾಗಿ ಬಾಯಿಬಿಟ್ಟವು. ಜರ್ಮನಿಯ ಲಾಸೆನ್ 1836ರಲ್ಲಿಯೇ ಯವನ ದೊರೆ ಅಗಾಥೊಕ್ಲಿಸನ ನಾಣ್ಯದಿಂದ ಕೆಲವು ಬ್ರಾಹ್ಮಿ ಅಕ್ಷರಗಳನ್ನು ಓದಿದ್ದನು. ಸಂಸ್ಕೃತದಲ್ಲಿ ಕಮಲಾಕಾಂತ ವಿದ್ಯಾಲಂಕಾರರ ನೆರವಿತ್ತು. ಎರಡು ಲಿಪಿಗಳಿಗೂ ಕೀಲಿಕೈ ಒದಗಿದುದು ನಾಣ್ಯದಿಂದ ಎಂಬುದನ್ನು ವಾಚಕರು ಗಮನಿಸಬೇಕು.

ದೆಹಲಿಯ ಸ್ತಂಭವನ್ನು ಓದಿದಾಗ ದೇವಾನಾಂಪ್ರಿಯ ಪ್ರಿಯದರ್ಶಿಯೆಂಬ ದೊರೆಯೊಬ್ಬನು ಎದ್ದು ಬಂದನು. ಅವನನ್ನು ಸಿಂಹಳದ ಅರಸನೆಂದು ಪ್ರಿನ್ಸೆಪನು ಮೊದಲು ಎಣಿಸಿದನು. ಅಶೋಕನೆಂದು ಜಾರ್ಜ್ ಟರ್ನರ್ ಪಾಳಿಗ್ರಂಥದ ಆಧಾರದಿಂದ ಅದೇ ವರ್ಷ ತೋರಿಸಲು, ತನ್ನ ಊಹೆಯನ್ನು ಕೈಬಿಟ್ಟನು. ಮೂಸೆಯಲ್ಲಿ ಕಂಡ ಫಲಕ್ಕೆ ತಲೆಬಾಗಿ ಅಭ್ಯಾಸವಿದ್ದವನಿಗೆ ಇದು ಸಹಜ.

ಹಗಲು ಟಂಕಸಾಲೆ, ಉಳಿದ ವೇಳೆಯೆಲ್ಲ ಪತ್ರಿಕೆ, ನಾಣ್ಯ, ಶಾಸನ. ದೇಹ ಈ ಭಾರವನ್ನು ತಾಳಲಿಲ್ಲ. 1838ರಲ್ಲಿ ತಲೆನೋವು ಉಲ್ಬಣಿಸಿತು. ಅಕ್ಟೋಬರಿನ ಕೊನೆಗೆ ಆತನನ್ನು ಹಡಗು ಹತ್ತಿಸಿದರು. ಇಂಗ್ಲೆಂಡಿನಲ್ಲಿ ಬುದ್ಧಿ ಮತ್ತೆ ತಿಳಿಯಾಗಲೇ ಇಲ್ಲ. 1840ರ ಏಪ್ರಿಲ್ 22ರಂದು, ನಲವತ್ತರ ಹರೆಯದಲ್ಲಿ, ಪತ್ನಿ ಹ್ಯಾರಿಯಟ್ ಹಾಗೂ ಪುಟ್ಟ ಮಗಳನ್ನು ಬಿಟ್ಟು ತೀರಿಕೊಂಡನು. ಸಾವಿರಾರು ವರ್ಷಗಳ ಮೌನವನ್ನು ಒಡೆದವನು ಕೊನೆಯಲ್ಲಿ ತನ್ನ ಮಾತನ್ನೇ ಕಳೆದುಕೊಂಡನು. ಕಲ್ಕತ್ತೆಯ ಜನ ಹೂಗ್ಲಿಯ ದಡದಲ್ಲಿ ಆತನ ಹೆಸರಿನ ಘಟ್ಟವನ್ನು ಕಟ್ಟಿಸಿದರು.

ಪ್ರಿನ್ಸೆಪನು ಓದಿದ ಯಾವ ಧರ್ಮಲಿಪಿಯಲ್ಲಿಯೂ ಅಶೋಕನೆಂಬ ಹೆಸರಿರಲಿಲ್ಲ. ಟರ್ನರನ ನಿರ್ಣಯಕ್ಕೆ ಕಲ್ಲಿನ ಸಾಕ್ಷ್ಯ ದೊರೆತುದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಆ ಬಂಡೆಯನ್ನು ಕಂಡವನು ಚಿನ್ನದ ಗಣಿಗಳ ಎಂಜಿನಿಯರನಾಗಿದ್ದ ಬೀಡನ್ ಎಂಬವನು. ಲೋಹವನ್ನು ಒರೆಹಚ್ಚುತ್ತಿದ್ದವನೊಬ್ಬನು ಲಿಪಿಯನ್ನು ಬಿಡಿಸಿದನು. ಲೋಹವನ್ನು ಅರಸುವವನೊಬ್ಬನು ಆ ದೊರೆಯ ಹೆಸರನ್ನು ಹುಡುಕಿಕೊಟ್ಟನು. ಕನ್ನಡ ಅಕ್ಷರಗಳ ಪೂರ್ವಜರನ್ನು ನಾವಿಂದು ಹೆಸರು ಹಿಡಿದು ಕರೆಯಬಲ್ಲೆವಾದರೆ, ಅದರ ಹಿಂದೆ ಕಲ್ಕತ್ತೆಯ ತಕ್ಕಡಿಯೊಂದರ ಋಣವಿದೆ.