ತೋನ್ಸೆ ಅನಂತ ಪೈ

ಉಡುಪಿಯ ತೋನ್ಸೆ ಅನಂತ ಪೈಯವರು 1922ರಲ್ಲಿ ಜನಿಸಿದರು. ವಾಣಿಜ್ಯಶಾಸ್ತ್ರದಲ್ಲಿ ಪದವೀಧರರಾಗಿ, ತಂದೆ ಉಪೇಂದ್ರ ಪೈ, ಚಿಕ್ಕಪ್ಪ ಡಾ. ಟಿ. ಎಂ. ಎ. ಪೈ ಮೊದಲಾದವರು ಸ್ಥಾಪಿಸಿದ್ದ ಬ್ಯಾಂಕನ್ನು ಸೇರಿದರು. ಬಡವರ ಮನೆಬಾಗಿಲಿಗೇ ಹೋಗಿ, ದಿನಕ್ಕೆರಡಾಣೆಯನ್ನೂ ಠೇವಣಿಯಾಗಿ ಸ್ವೀಕರಿಸಿ ಬೆಳೆದ ಬ್ಯಾಂಕದು. ಅಲ್ಲಿ ದೊರೆತ ಪಾಠ ಯಾವ ಗ್ರಂಥದಲ್ಲಿಯೂ ಇರಲಿಲ್ಲವೆನ್ನಬೇಕು. 1965ರಲ್ಲಿ ಅವರು ಭಾರತ ಆಹಾರ ನಿಗಮದ ಪ್ರಥಮ ಅಧ್ಯಕ್ಷರಾದರು; 1972ರಲ್ಲಿ ಕೇಂದ್ರದ ರೈಲ್ವೆ ಸಚಿವರಾದರು. ಹಣವಿರಲಿ, ಧಾನ್ಯವಿರಲಿ, ರೈಲಿರಲಿ, ನಡೆಸಲು ತರಬೇತಿ ಪಡೆದವರು ಬೇಕು. ಅಂಥವರನ್ನು ರೂಪಿಸುವ ವ್ಯವಹಾರಾಡಳಿತ ಶಾಲೆಗಳು ಆಗ ಅಹಮದಾಬಾದು, ಕಲ್ಕತ್ತ, ಬೆಂಗಳೂರಿನಂಥ ನಗರಗಳಲ್ಲಿದ್ದವು. ಒಂದು ಕಾಲಕ್ಕೆ ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ ಪೈಯವರು 1980ರಲ್ಲಿ ಅಂಥದೊಂದು ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷ ಮೇ 29ರಂದು ನಿಧನರಾದರು. ಅಲ್ಲಿ ಕಲಿತು ಹೊರಬಂದ ಒಬ್ಬ ವಿದ್ಯಾರ್ಥಿಯನ್ನಾದರೂ ಕಾಣುವ ಭಾಗ್ಯ ಅವರಿಗಿರಲಿಲ್ಲ. ಆ ಸಂಸ್ಥೆ ಇಂದು ಅವರ ಹೆಸರನ್ನೇ ಹೊತ್ತಿದೆ.